ಮೊಬೈಲ್ ಆ್ಯಪ್‌ಗಳಲ್ಲಿ ಸಾಲು ತಪ್ಪುವ ಅಂಕಿ-ಅಕ್ಷರಗಳು: ವರ್ತಕರು ಗಮನಿಸಬೇಕಾದ ಸಂಗತಿ

ಕಳೆದ ಕೆಲವು ವರ್ಷಗಳಿಂದ ಕಾರ್ಕಳ, ಉಡುಪಿ, ಕಾಪು ಭಾಗದ ಸಗಟು ವರ್ತಕರೂ ಸಣ್ಣ ಉದ್ದಿಮೆದಾರರೂ ಆರ್ಡರ್ ಪಡೆಯಲು, ಬಾಕಿ ನೋಡಲು, ಬಿಲ್ಲು ಬರೆಯಲು ತಮ್ಮದೇ ಆದ ಮೊಬೈಲ್ ಆ್ಯಪ್‌ಗಳನ್ನು ಮಾಡಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಆದರೆ ಆ್ಯಪ್ ಮಾಡಿಸುವಾಗ ಅದರ ಲೆಕ್ಕಾಚಾರ ಸರಿಯಿದೆಯೇ ಎಂದು ಹತ್ತು ಬಾರಿ ಪರಿಶೀಲಿಸುವ ನಮ್ಮ ಸದಸ್ಯ ಬಾಂಧವರು, ಆ ಲೆಕ್ಕ ಪರದೆಯ ಮೇಲೆ ಪೂರ್ತಿಯಾಗಿ ಕಾಣುತ್ತಿದೆಯೇ ಎಂಬುದನ್ನು ಪರಿಶೀಲಿಸುವುದಿಲ್ಲ. ಅಕ್ಷರ ತುಂಡಾಗುವುದು, ಅಂಕಿ ಕೆಳಸಾಲಿಗೆ ಹೊರಳುವುದು, ಗುಂಡಿ ಮರೆಯಾಗುವುದು ಇವೆಲ್ಲ ಅಂದಚೆಂದದ ಪ್ರಶ್ನೆ, ನಿಧಾನವಾಗಿ ಸರಿಪಡಿಸಿಕೊಂಡರಾಯಿತು ಎಂಬ ಭಾವನೆ ನಮ್ಮಲ್ಲಿದೆ. ಇದು ಹಣದ ಪ್ರಶ್ನೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ಕುಕ್ಕುಂದೂರು ಜೋಡುರಸ್ತೆಯ ಕಡೆಯ ಒಬ್ಬ ಅಕ್ಕಿ ವರ್ತಕರ ಲೈನ್‌ಸೇಲ್ ವ್ಯವಹಾರದಲ್ಲಿ ಅಂಗಡಿಯೊಂದಕ್ಕೆ ಒಂದು ಲಕ್ಷ ರೂಪಾಯಿಯ ಉದ್ದರಿ ಮಿತಿಯಿತ್ತು. ಅಂಗಡಿಯ ಬಾಕಿ 1,12,450 ರೂಪಾಯಿ ತಲಪಿತ್ತು. ಆ್ಯಪ್ ಬರೆದವರು ಬಾಕಿಯ ಅಂಕಿಯನ್ನು ಅಲ್ಪವಿರಾಮಗಳಿಲ್ಲದೆ 112450 ಎಂದು ತೋರಿಸುತ್ತಿದ್ದರು. ಸೇಲ್ಸ್‌ಮನ್ ಐವತ್ತರ ಸಮೀಪದವರು. ಕಣ್ಣಿಗೆ ಅನುಕೂಲವಾಗಲೆಂದು ಫೋನಿನ ಅಕ್ಷರಗಾತ್ರವನ್ನು ದೊಡ್ಡದು ಮಾಡಿಕೊಂಡಿದ್ದರು. ದೊಡ್ಡದಾದ ಅಂಕಿಗಳಿಗೆ ಕಾಲಂನ ಅಗಲ ಸಾಲದೆ ಕೊನೆಯ ಸೊನ್ನೆ ಎರಡನೆಯ ಸಾಲಿಗೆ ಹೊರಳಿತು. ಚೌಕದ ಎತ್ತರ ಒಂದೇ ಸಾಲಿನಷ್ಟಿದ್ದುದರಿಂದ ಆ ಎರಡನೆಯ ಸಾಲು ಕಾಣಲೇ ಇಲ್ಲ. ಪರದೆಯ ಮೇಲೆ ಉಳಿದದ್ದು 11245. ಮಿತಿಗೆ ಇನ್ನೂ ಬಹಳ ಅಂತರವಿದೆಯೆಂದು ತಿಳಿದು ಸರಕು ಇಳಿಸಿ ಬಂದರು. ಕಚೇರಿಯ ಗಣಕದಲ್ಲಿ ಬಾಕಿ ಸರಿಯಾಗಿತ್ತು, ಖಾತಾವಹಿ ಸರಿಯಾಗಿತ್ತು, ತಾಳೆಪಟ್ಟಿ ತಾಳೆಯಾಗುತ್ತಿತ್ತು. ಅಂದರೆ ಯಾವ ಲೆಕ್ಕಪರಿಶೋಧಕನ ಕಣ್ಣಿಗೂ ಬೀಳದ ದೋಷ ಇದು. ಆ ಫೋನನ್ನೇ ಕೈಗೆತ್ತಿಕೊಂಡು ನೋಡಿದಾಗ ಮಾತ್ರ ವಿಷಯ ಹೊರಬಿತ್ತು. ಮಿತಿ ಮೀರಿದ ಆರ್ಡರನ್ನು ಆ್ಯಪ್ ತಾನೇ ತಡೆಯಬೇಕಿತ್ತು ಎಂಬುದೂ ನಿಜ. ಆದರೆ ನಮ್ಮ ಊರಿನ ವ್ಯಾಪಾರದಲ್ಲಿ ಗಿರಾಕಿಯ ಮುಖ ನೋಡಿ ಮಿತಿ ಸಡಿಲಿಸುವ ಪದ್ಧತಿ ಇರುವುದರಿಂದ ಹೆಚ್ಚಿನವರು ಆ ತಡೆಯನ್ನು ಇಡಿಸುವುದಿಲ್ಲ.

ಇಂಥ ದೋಷಗಳ ಮೂಲ ಬಹುತೇಕ ಒಂದೇ. ಪ್ರೋಗ್ರಾಮ್ ಬರೆಯುವವರು ಪ್ರತಿಯೊಂದು ಬರಹಕ್ಕೂ ಒಂದು ಚೌಕವನ್ನು ಗೊತ್ತುಮಾಡುತ್ತಾರೆ. ಆ ಚೌಕದ ಉದ್ದಗಲವನ್ನು ನಿಶ್ಚಿತ ಸಂಖ್ಯೆಯಾಗಿ ಬರೆದುಬಿಡಬಹುದು. ಅಥವಾ ಒಳಗಿನ ಬರಹ ಬೆಳೆದಂತೆ ಚೌಕವೂ ಬೆಳೆಯಲಿ ಎಂದು ಬರೆಯಬಹುದು. ಮೊದಲನೆಯದು ಸುಲಭ. ಬರೆಯುವವರ ಮೇಜಿನ ಮೇಲಿರುವ ಫೋನಿನಲ್ಲಿ, ಇಂಗ್ಲಿಷ್ ಪದಗಳಲ್ಲಿ, ಸಾಧಾರಣ ಅಕ್ಷರಗಾತ್ರದಲ್ಲಿ ಅದು ನೋಡಲು ಬಹಳ ಅಚ್ಚುಕಟ್ಟಾಗಿಯೂ ಇರುತ್ತದೆ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಬಳಕೆದಾರರು ಅಕ್ಷರಗಾತ್ರವನ್ನು ಶೇಕಡಾ 200ರವರೆಗೂ ಹಿಗ್ಗಿಸಿಕೊಳ್ಳಬಹುದು. ನಿಶ್ಚಿತ ಚೌಕ ಅಲ್ಲಿ ಸೋಲುತ್ತದೆ. ಕೆಲವರು ಇದಕ್ಕೊಂದು ಉಪಾಯ ಹೂಡುತ್ತಾರೆ: ಬಳಕೆದಾರರ ಇಚ್ಛೆಯಂತೆ ಹಿಗ್ಗುವ ಅಳತೆಯಾದ ಎಸ್‌ಪಿ ಬದಲಿಗೆ, ಹಿಗ್ಗದ ಅಳತೆಯಾದ ಡಿಪಿಯಲ್ಲಿ ಅಕ್ಷರಗಾತ್ರವನ್ನು ಬರೆಯುತ್ತಾರೆ. ಆಗ ಚೌಕ ಉಳಿಯುತ್ತದೆ, ಓದುವವರ ಕಣ್ಣು ಹೋಗುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ಸಮಸ್ಯೆ ಇನ್ನೂ ಗಂಭೀರ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಕುಳಿತುಕೊಳ್ಳುತ್ತವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಕುಕ್ಕುಂದೂರು ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಾವು ಓದುವುದು ಕು, ಕ್ಕುಂ, ದೂ, ರು ಎಂಬ 4 ಅಕ್ಷರಗಳನ್ನು. ಯುನಿಕೋಡ್ ಪ್ರಕಾರ ಗಣಕ ಅದನ್ನು ಇಟ್ಟುಕೊಳ್ಳುವುದು 11 ಸಂಕೇತಗಳಾಗಿ. ಚೌಕದ ಎತ್ತರ ಸ್ವಲ್ಪ ಕಡಿಮೆಯಾದರೆ ಕ ಒತ್ತು ತುಂಡಾಗಿ ಊರಿನ ಹೆಸರೇ ಬದಲಾಗುತ್ತದೆ. ಅಚ್ಚುಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು; ಒತ್ತುಗಳಿಗೆ ಸ್ಥಳ ಬಿಡದೆ ಅವರ ಕೆಲಸ ಸಾಗುತ್ತಿರಲಿಲ್ಲ. ಮುಂದೆ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾಯರಂಥವರು ಕನ್ನಡವನ್ನು ಗಣಕಕ್ಕೆ ಒಗ್ಗಿಸಲು ದುಡಿದರು; ಇಂದು ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಅವರದೇ ಆಧಾರ. ಇಷ್ಟೆಲ್ಲ ಆದ ಮೇಲೂ ನಮ್ಮ ಜಿಲ್ಲೆಯಲ್ಲೇ ಕುಳಿತು ಬರೆದ ಆ್ಯಪ್‌ನಲ್ಲಿ ಒತ್ತಕ್ಷರ ಕತ್ತರಿಸಿಹೋಗುವುದು ಬೇಸರದ ಸಂಗತಿ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. ಕೆಲವು ಕಾಲದ ಹಿಂದಿನವರೆಗೆ ಸರಿಯಾಗಿ ಕಾಣುತ್ತಿದ್ದ ಆ್ಯಪ್ ಒಮ್ಮೆಲೇ ಹಾಳಾಯಿತು ಎಂದು ಹಲವರು ನನ್ನಲ್ಲಿ ಹೇಳಿಕೊಂಡಿದ್ದಾರೆ. ಮಾಲೀಕರ ಹಳೆಯ ಫೋನಿನಲ್ಲಿ ಸರಿಯಿದೆ, ಹುಡುಗನ ಹೊಸ ಫೋನಿನಲ್ಲಿ ತಪ್ಪು ಕಾಣುತ್ತದೆ. ಹಾಗಾಗಿ ಹುಡುಗನ ಫೋನೇ ಹಾಳು ಎಂಬ ತೀರ್ಮಾನ. ನಿಜಾಂಶ ಬೇರೆ. 2025ರ ಆಗಸ್ಟ್ 31ರಿಂದ, ಪ್ಲೇ ಸ್ಟೋರಿನಲ್ಲಿ ಸೇರಿಸುವ ಹೊಸ ಆ್ಯಪ್‌ಗಳೂ ಹಳೆಯವುಗಳ ಪರಿಷ್ಕೃತ ಆವೃತ್ತಿಗಳೂ ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕೆಂದು ಗೂಗಲ್ ಸಂಸ್ಥೆ ನಿಯಮ ಮಾಡಿತು. ಹಾಗೆ ಹೊಂದಿಸಿದ ಆ್ಯಪ್ ಆಂಡ್ರಾಯ್ಡ್ 15 ಅಥವಾ ಅನಂತರದ ಫೋನಿನಲ್ಲಿ ತೆರೆದಾಗ ಎರಡು ಬದಲಾವಣೆಗಳು ತಾವಾಗಿಯೇ ಜಾರಿಗೆ ಬರುತ್ತವೆ.

ಒಂದು, ಆ್ಯಪ್ ಪರದೆಯ ಮೇಲಂಚಿನಿಂದ ಕೆಳಂಚಿನವರೆಗೆ ಹರಡಿಕೊಳ್ಳುತ್ತದೆ. ಗಂಟೆ, ಬ್ಯಾಟರಿ ತೋರಿಸುವ ಮೇಲಿನ ಪಟ್ಟಿಯ ಅಡಿಗೂ, ಹಿಂದೆ ಹೋಗುವ ಗುಂಡಿಗಳಿರುವ ಕೆಳಗಿನ ಪಟ್ಟಿಯ ಅಡಿಗೂ ಆ್ಯಪ್‌ನ ಭಾಗ ನುಸುಳುತ್ತದೆ. ಪರದೆಯ ತುದಿಯಲ್ಲಿ ಇಟ್ಟಿದ್ದ 'ಉಳಿಸು' ಗುಂಡಿ ಆ ಪಟ್ಟಿಯ ಕೆಳಗೆ ಸಿಕ್ಕಿಬಿದ್ದು, ಉಳಿಸಲು ಒತ್ತಿದರೆ ಆ್ಯಪ್ ಮುಚ್ಚಿಹೋಗುವುದೂ ಉಂಟು. ಎರಡನೆಯದು ವಿಶೇಷವಾಗಿ ನಮಗೇ ಸಂಬಂಧಿಸಿದ್ದು. ಕನ್ನಡ, ತೆಲುಗು, ತಮಿಳು, ಮಲಯಾಳ ಮೊದಲಾದ ಕೆಲವು ಲಿಪಿಗಳಿಗೆ ಆಂಡ್ರಾಯ್ಡ್ ಇದುವರೆಗೆ ಎತ್ತರ ಕುಗ್ಗಿಸಿದ ಅಕ್ಷರಗಳನ್ನು ಬಳಸುತ್ತಿತ್ತು. ಇಂಗ್ಲಿಷಿಗಾಗಿ ಮಾಡಿದ ಚೌಕದೊಳಗೆ ಹೇಗಾದರೂ ಹಿಡಿಯಲಿ ಎಂಬುದು ಅದರ ಉದ್ದೇಶ. ಆಂಡ್ರಾಯ್ಡ್ 15ರಲ್ಲಿ 'ಎಲಿಗಂಟ್ ಟೆಕ್ಸ್ಟ್ ಹೈಟ್' ಎಂಬ ಗುಣ ತಾನಾಗಿ ಚಾಲನೆಯಾಗಿ, ಅಕ್ಷರಗಳು ತಮ್ಮ ಸಹಜ ಎತ್ತರಕ್ಕೆ ಬರುತ್ತವೆ. ಕನ್ನಡ ಓದಲು ಇದು ಒಳ್ಳೆಯದೇ. ಆದರೆ ನಿಶ್ಚಿತ ಎತ್ತರದ ಚೌಕಗಳಿರುವ ಆ್ಯಪ್‌ನಲ್ಲಿ ಅದೇ ದಿನದಿಂದ ಒತ್ತಕ್ಷರಗಳು ತುಂಡಾಗತೊಡಗುತ್ತವೆ.

ಈಗ ತಿದ್ದುವ ವಿಧಾನಕ್ಕೆ ಬರೋಣ. ದೂರು ಹೋದೊಡನೆ ಕೆಲವು ತಂತ್ರಜ್ಞರು ಕೆಳಗಡೆ 48 ಅಳತೆಯಷ್ಟು ಜಾಗ ಖಾಲಿ ಬಿಟ್ಟು, ಚೌಕದ ಎತ್ತರಕ್ಕೆ 6 ಸೇರಿಸಿ, ಒಂದೇ ತಾಸಿನಲ್ಲಿ ಕೆಲಸ ಮುಗಿಸಿಕೊಡುತ್ತಾರೆ. ಆ ಫೋನಿನಲ್ಲಿ ಸರಿಯಾಗುತ್ತದೆ, ಇನ್ನೊಂದರಲ್ಲಿ ಕೆಡುತ್ತದೆ. ಏಕೆಂದರೆ ಮೂರು ಗುಂಡಿಗಳಿರುವ ಫೋನಿನ ಪಟ್ಟಿಯ ಎತ್ತರವೂ ಬೆರಳು ಸರಿಸಿ ನಡೆಸುವ ಫೋನಿನದೂ ಒಂದೇ ಅಲ್ಲ. ನಮ್ಮ ವೃತ್ತಿಯಲ್ಲಿ ತಾಳೆಪಟ್ಟಿಯ ವ್ಯತ್ಯಾಸ ಹುಡುಕಲು ಉದಾಸೀನವಾದಾಗ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಎರಡೂ ಬದಿ ಸಮ ಮಾಡುವುದುಂಟು. ಇದು ಅದೇ ಜಾತಿಯ ಕೆಲಸ. ಪಟ್ಟಿ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಫೋನ್ ತಾನೇ ಹೇಳುತ್ತದೆ; ತಂತ್ರಜ್ಞರ ಭಾಷೆಯಲ್ಲಿ ಅದು ಇನ್‌ಸೆಟ್. ಅದನ್ನು ಕೇಳಿ ಅಷ್ಟು ಜಾಗ ಬಿಡುವಂತೆ ಬರೆಯುವುದು ನಿಜವಾದ ತಿದ್ದುಪಡಿ. ಹಾಗೆಯೇ ಬರಹದ ಚೌಕ ಒಳಗಿನ ಬರಹದಷ್ಟೇ ಬೆಳೆಯಬೇಕು. ಅಂಗಡಿಯ ಹೆಸರಿಗೆ ಸ್ಥಳ ಸಾಲದಿದ್ದರೆ ಹೆಸರು ಎರಡು ಸಾಲಾಗಲಿ, ಮೊತ್ತ ಮಾತ್ರ ಯಾವ ಕಾರಣಕ್ಕೂ ಮುರಿಯಬಾರದು, ತುಂಡಾಗಬಾರದು. ಮೊತ್ತ ಬಲಕ್ಕೆ ಒತ್ತಿಕೊಂಡು, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ನಿಲ್ಲಬೇಕು. ಲಕ್ಷ, ಸಾವಿರಗಳಿಗೆ ನಮ್ಮ ಪದ್ಧತಿಯ ಅಲ್ಪವಿರಾಮ ಇರಬೇಕು. ಹಳೆಯ ಗುಮಾಸ್ತರು ಹೇಳಿಸಿಕೊಳ್ಳದೆಯೇ ಪಾಲಿಸುತ್ತಿದ್ದ ಈ ಶಿಸ್ತನ್ನು ಇಂದು ಬರಹದಲ್ಲಿ ಹೇಳಬೇಕಾಗಿ ಬಂದಿದೆ.

ಫ್ಲಟರ್ ಎಂಬ ಸಾಧನದಲ್ಲಿ ಆ್ಯಪ್ ಮಾಡಿಸಿದವರು ಇನ್ನೊಂದು ಮಾತನ್ನು ತಿಳಿದಿರುವುದು ಒಳ್ಳೆಯದು. ಸಾಲಿನೊಳಗೆ ಹಿಡಿಯದ್ದು ಹೊರಚಾಚಿದರೆ, ಕೆಲಸ ನಡೆಯುತ್ತಿರುವ ಹಂತದಲ್ಲಿ ಹಳದಿ-ಕಪ್ಪು ಪಟ್ಟೆಗಳು ಮೂಡಿ ಎಚ್ಚರಿಸುತ್ತವೆ. ಗಿರಾಕಿಯ ಕೈಗೆ ಬರುವ ಅಂತಿಮ ಪ್ರತಿಯಲ್ಲಿ ಆ ಪಟ್ಟೆ ಕಾಣದು, ದೋಷ ಮಾತ್ರ ಇರುತ್ತದೆ. ದೊಡ್ಡ ಅಕ್ಷರ, ಕನ್ನಡ ಹೆಸರುಗಳನ್ನು ಹಾಕಿ ಆ ಹಂತದಲ್ಲೇ ತೋರಿಸಿ ಎಂದು ಕೇಳುವುದು ನಮ್ಮ ಹಕ್ಕು.

ಬಿಲ್ಲಿನ ವಿಚಾರವೂ ಪರದೆಯ ವಿಚಾರಕ್ಕೆ ಸೇರಿದ್ದೇ. 58 ಮಿಲಿಮೀಟರಿನ ಸಣ್ಣ ಪ್ರಿಂಟರಿನ ಕಾಗದದಲ್ಲಿ ಸಾಲೊಂದಕ್ಕೆ ಇಂಗ್ಲಿಷಿನ 32 ಅಕ್ಷರಗಳು ಹಿಡಿಯುತ್ತವೆ. ಬರೆದವರು ಅಕ್ಷರ ಎಣಿಸಿ, ಉಳಿದ ಜಾಗಕ್ಕೆ ಖಾಲಿ ತುಂಬಿ, ಮೊತ್ತವನ್ನು ಬಲಕ್ಕೆ ತಳ್ಳುತ್ತಾರೆ. ಕುಕ್ಕುಂದೂರು ಎಂಬಲ್ಲಿ ಅವರ ಎಣಿಕೆ 11, ಕಾಗದದ ಮೇಲೆ ಬೀಳುವ ಅಗಲ ಬೇರೆಯೇ. ಕಜೆ ಅಕ್ಕಿಯ ಮೊತ್ತ ಒಂದು ಕಡೆ, ಗೇರುಬೀಜದ ಮೊತ್ತ ಇನ್ನೊಂದು ಕಡೆ ನಿಲ್ಲುತ್ತದೆ. ಕನ್ನಡದ ಬಿಲ್ಲನ್ನು ಎಣಿಸಿ ಸಾಲುಗೂಡಿಸಲು ಸಾಧ್ಯವಿಲ್ಲ. ಕಾಗದದ ಮುದ್ರಣ ಅಗಲವಾದ 384 ಚುಕ್ಕಿಗಳನ್ನು ಅಳೆದು, ಇಡೀ ಬಿಲ್ಲನ್ನು ಚಿತ್ರವಾಗಿ ರಚಿಸಿ ಪ್ರಿಂಟರಿಗೆ ಕಳುಹಿಸಬೇಕು. ಇನ್ನು 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆಯಷ್ಟೆ. ಅದರಲ್ಲಿ ಬರುವ ಐಆರ್‌ಎನ್ ನಡುವೆ ತೆರಪೇ ಇಲ್ಲದ 64 ಅಂಕಿ-ಅಕ್ಷರಗಳ ಒಂದೇ ಸರಪಳಿ. ಮುರಿಯಲು ಸ್ಥಳ ಸಿಗದೆ ಅದು ತನ್ನ ಕಾಲಂ ಅನ್ನು ಹಿಗ್ಗಿಸಿ ತೆರಿಗೆಯ ಕಾಲಂ ಅನ್ನು ಪುಟದಿಂದಾಚೆ ನೂಕಿದ ಬಿಲ್ಲುಗಳು ನನ್ನ ಮೇಜಿಗೆ ಬಂದಿವೆ. ಎಲ್ಲಿ ಬೇಕಾದರೂ ಮುರಿಯಬಹುದು ಎಂದು ಒಂದು ಸಾಲು ಬರೆದರೆ ಮುಗಿಯುವ ಕೆಲಸ.

ಖರ್ಚು ಯಾರದು? ಇಲ್ಲಿ ನಾವೂ ನ್ಯಾಯವಾಗಿ ನಡೆದುಕೊಳ್ಳಬೇಕು. ಗೂಗಲ್ ನಿಯಮ ಬದಲಾಯಿಸಿದ್ದಕ್ಕೆ ಆ್ಯಪ್ ಬರೆದುಕೊಟ್ಟ ಹುಡುಗರು ಹೊಣೆಗಾರರಲ್ಲ. ಅಂಚಿನವರೆಗೆ ಹರಡುವ ಹೊಸ ಪದ್ಧತಿಗೆ ಹೊಂದಿಸುವ ಕೆಲಸಕ್ಕೆ ಅವರು ಬಿಲ್ಲು ಕೊಟ್ಟರೆ ಪಾವತಿಸುವುದೇ ಸರಿ. ಆದರೆ ಕನ್ನಡದ ಆ್ಯಪ್ ಎಂದು ಒಪ್ಪಿಕೊಂಡು ಒತ್ತಕ್ಷರಕ್ಕೆ ಸ್ಥಳವಿಲ್ಲದ ಚೌಕ ಮಾಡಿದ್ದರೆ, ಅಕ್ಷರ ದೊಡ್ಡದು ಮಾಡಿದಾಗ ಮೊತ್ತ ಮುರಿಯುವಂತಿದ್ದರೆ, ಅದು ಮೊದಲ ದಿನದಿಂದಲೂ ಇದ್ದ ಲೋಪ. ಆಂಡ್ರಾಯ್ಡ್ 15 ಅದನ್ನು ಹೊರಗೆ ತಂದಿದೆ ಅಷ್ಟೆ. ಅದನ್ನು ಉಚಿತವಾಗಿ ತಿದ್ದಿಕೊಡಬೇಕು. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯದಿರುವುದೇ ಹೆಚ್ಚಿನ ಜಗಳಗಳಿಗೆ ಕಾರಣ. ಲೆಕ್ಕದ ದೃಷ್ಟಿಯಿಂದ ದೋಷ ತಿದ್ದುವ ವೆಚ್ಚ ಆಯಾ ವರ್ಷದ ಖರ್ಚು. ಹೊಸ ಸೌಲಭ್ಯ ಸೇರಿಸಿದ ಭಾಗವನ್ನು ಮಾತ್ರ ಆಸ್ತಿಯಾಗಿ ತೋರಿಸಬೇಕು. ಬಿಲ್ಲಿನಲ್ಲಿ ಎರಡೂ ಒಂದೇ ಮೊತ್ತದಲ್ಲಿ ಸೇರಿದ್ದರೆ ಬಿಡಿಸಿ ಕೊಡಲು ಹೇಳಿ. ಶೇಕಡಾ 18 ಜಿಎಸ್‌ಟಿಯ ಹೂಡುವಳಿ ಜಮೆ ಕಾಂಪೋಸಿಶನ್ ಪದ್ಧತಿಯವರಿಗೂ ತೆರಿಗೆರಹಿತ ಸರಕು ಮಾತ್ರ ಮಾರುವವರಿಗೂ ದೊರೆಯದು ಎಂಬುದನ್ನೂ ದರ ಮಾತಾಡುವಾಗ ನೆನಪಿಡಬೇಕು.

ಇಷ್ಟೆಲ್ಲ ತಾಪತ್ರಯ ಏಕೆ, ಇಂಗ್ಲಿಷಿನಲ್ಲೇ ಇಟ್ಟರೆ ಎಲ್ಲವೂ ಹಿಡಿಯುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಗೋದಾಮಿನಲ್ಲಿ ಮೂಟೆ ಎಣಿಸುವವರು, ಗಾಡಿ ಬಿಡುವವರು, ಹಳ್ಳಿಯ ಅಂಗಡಿಯಲ್ಲಿ ಸಹಿ ಹಾಕುವ ಹಿರಿಯರು ಓದುವುದು ಕನ್ನಡ. ಅವರು ಓದಲಾರದ ಆ್ಯಪ್ ಮಾಲೀಕರ ಮೇಜಿನ ಅಲಂಕಾರವಾದೀತು. ನಮ್ಮಲ್ಲಿ ತಿಳಿದವರ ಕೊರತೆಯೂ ಇಲ್ಲ. ಆ್ಯಪ್ ತಯಾರಿಕೆಯಲ್ಲಿ ಹೊರದೇಶಗಳವರೆಗೂ ಹೆಸರು ಮಾಡಿದ ರೋಬೋಸಾಫ್ಟ್ 1996ರಲ್ಲಿ ಹುಟ್ಟಿದ್ದು ಉಡುಪಿಯಲ್ಲಿ. 2021ರಲ್ಲಿ ಅದನ್ನು ಜಪಾನಿನ ಟೆಕ್ನೋಪ್ರೋ ಸಂಸ್ಥೆ ಕೊಂಡುಕೊಂಡಿತು. 1957ರಿಂದ ಮಣಿಪಾಲದಲ್ಲಿ, 1986ರಿಂದ ನಮ್ಮದೇ ತಾಲೂಕಿನ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೇಳುವವರು ಸರಿಯಾಗಿ ಕೇಳಿದರೆ ಮಾಡಿಕೊಡುವವರು ಇಲ್ಲೇ ಇದ್ದಾರೆ.

ಆದುದರಿಂದ ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯನ್ನು ಇಡಬಯಸುತ್ತೇನೆ. ಸದಸ್ಯರು ಆ್ಯಪ್ ಮಾಡಿಸುವಾಗ ಕರಾರಿಗೆ ಲಗತ್ತಿಸಬಹುದಾದ ಒಂದು ಪುಟದ ಪರೀಕ್ಷಾ ಪಟ್ಟಿಯನ್ನು ಸಂಸ್ಥೆಯೇ ಸಿದ್ಧಪಡಿಸಲಿ. ಅದರಲ್ಲಿ ಒತ್ತಕ್ಷರಗಳಿರುವ ನಮ್ಮ ಊರುಗಳ ಹೆಸರು, ನಮ್ಮ ಅತಿ ಉದ್ದದ ಸರಕಿನ ಹೆಸರು, 99,99,999.00 ಎಂಬ ಮೊತ್ತ, 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲಿ. ಇವೆಲ್ಲ ಒಂದು ಅಗ್ಗದ ಸಣ್ಣ ಫೋನಿನಲ್ಲಿಯೂ ಆಂಡ್ರಾಯ್ಡ್ 15 ಅಥವಾ ಅನಂತರದ ಒಂದು ಫೋನಿನಲ್ಲಿಯೂ, ಅಕ್ಷರಗಾತ್ರವನ್ನು ಪೂರ್ತಿ ಹಿಗ್ಗಿಸಿದಾಗಲೂ, ತುಂಡಾಗದೆ ಕಾಣಬೇಕು. ಹಾಗೆ ಕಾಣುವವರೆಗೆ ಒಪ್ಪಿದ ಹಣದ ಕೊನೆಯ ಕಂತನ್ನು, ಶೇಕಡಾ 20ಕ್ಕೆ ಕಡಿಮೆಯಿಲ್ಲದಂತೆ, ತಡೆಹಿಡಿಯುವ ಷರತ್ತು ಪಟ್ಟಿಯ ಕೊನೆಯಲ್ಲಿ ಸೇರಲಿ. ಕರಡನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಪರೀಕ್ಷೆಗೆ ಸೇರಿಸಬೇಕಾದ ತಮ್ಮ ತಮ್ಮ ಸರಕುಗಳ ಹೆಸರನ್ನು ಸದಸ್ಯರು ಸಂಸ್ಥೆಯ ಕಚೇರಿಗೆ ಬರೆದು ಕಳುಹಿಸಬಹುದು.