ಬೆನ್ನಿಗೆ ಹೊಂದುವ ಚೀಲ

ಫಾಲ್ಗುಣ ಮಾಸವು ಸಮೀಪಿಸಿತೆಂದರೆ ನಮ್ಮ ಯರಗೇರಾ ಪ್ರಾಂತದ ಮನೆಗಳಲ್ಲಿ ಶ್ರೀಶೈಲದ ಮಾತು ಮೊದಲಾಗುತ್ತದೆ. ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಬೇಕೆಂದು ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಕಾಲ್ನಡೆಯಿಂದ ಹೊರಡುವರು. ಶ್ರಾವಣದಲ್ಲಿ ರಾಯರ ಆರಾಧನೆಗೆಂದು ರಾಯಚೂರಿನಿಂದ ನಮ್ಮೂರನ್ನೂ ಗಿಲ್ಲೆಸುಗೂರನ್ನೂ ಹಾಯ್ದು ಮಂತ್ರಾಲಯಕ್ಕೆ ನಡೆಯುವವರು ಬೇರೆ. ಇವಲ್ಲದೆ ಶನಿವಾರ ಹೊರಟು ಭಾನುವಾರ ಮರಳುವ ಹಂಪಿ, ಆನೆಗೊಂದಿ, ಮುದಗಲ್ಲುಗಳ ಪ್ರವಾಸವೂ ಈಗಿನ ತರುಣರಲ್ಲಿ ರೂಢಿಗೆ ಬಂದಿದೆ. ಈ ಎಲ್ಲಕ್ಕೂ ಸಲ್ಲುವಂತೆ ಮನೆಗೆ ಒಂದೇ ಬೆನ್ನುಚೀಲವನ್ನು ಕೊಳ್ಳಬಹುದೆ, ಕೊಳ್ಳುವುದಾದರೆ ಎಂಥದನ್ನು ಕೊಳ್ಳಬೇಕು ಎಂಬುದು ಈ ಸಲದ ವಿಚಾರ.

ಹೊರೆಯ ವಿಷಯದಲ್ಲಿ ನಮ್ಮ ಹಿರಿಯರು ಅಜ್ಞರಾಗಿರಲಿಲ್ಲ. ಅಮರಕೋಶದಲ್ಲಿ ಹೆಗಲಡ್ಡೆಗೆ ಭಾರಯಷ್ಟಿಯೆಂದೂ ಅದರಿಂದ ತೂಗುವ ನೆಲುವಿಗೆ ಶಿಕ್ಯವೆಂದೂ ಹೆಸರುಗಳಿವೆ. ನಡುವೆ ಬಾಯುಳ್ಳ ಉದ್ದವಾದ ಹಸಿಬೆ ಚೀಲವನ್ನು ಹೆಗಲಿಗೇರಿಸಿ, ಅರ್ಧ ಭಾರವನ್ನು ಎದೆಯ ಕಡೆಗೂ ಅರ್ಧವನ್ನು ಬೆನ್ನ ಕಡೆಗೂ ಇಳಿಬಿಟ್ಟು ವ್ಯಾಪಾರಿಗಳು ಸಂತೆಯಿಂದ ಸಂತೆಗೆ ನಡೆಯುತ್ತಿದ್ದರು. ಸಮತೂಕದ ಮರ್ಮವು ಅವರಿಗೆ ತಿಳಿದಿತ್ತು. ಆದರೆ ಭಾರವೆಲ್ಲವೂ ಹೆಗಲಿನ ಮೇಲೆಯೇ ಬೀಳುತ್ತಿತ್ತು. ಅದಕ್ಕಿಂತ ಉತ್ತಮವಾದ ಉಪಾಯವನ್ನು ಬಲ್ಲವರು ನೀರಿನ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಬರುವ ನಮ್ಮ ಹೆಣ್ಣುಮಕ್ಕಳು. ಟೊಂಕದ ಎಲುಬು ದೃಢವಾದುದು. ಅದರ ಕೆಳಗೆ ದೇಹದ ಅತಿ ಬಲವಾದ ಸ್ನಾಯುಗಳಿವೆ. ಅಮೇರಿಕೆಯ ಡಿಕ್ ಕೆಲ್ಟಿ ಎಂಬಾತನು 1952ರಲ್ಲಿ ಅಲ್ಯುಮಿನಿಯಂ ಚೌಕಟ್ಟಿನ ಬೆನ್ನುಚೀಲಗಳನ್ನು ಮಾಡಿ ಮಾರತೊಡಗಿದಾಗ, ಅವುಗಳ ವಿಶೇಷವು ಭಾರವನ್ನು ಹೆಗಲಿನಿಂದ ಟೊಂಕಕ್ಕೆ ಇಳಿಸಿದುದೇ ಆಗಿತ್ತು.

ಆದಕಾರಣ ಅಂಗಡಿಯಲ್ಲಿ ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ಕಿಸೆಗಳ ಸಂಖ್ಯೆಯನ್ನೂ ಅಲ್ಲ, ಟೊಂಕದ ಪಟ್ಟಿಯನ್ನು. ಕೇವಲ ತೆಳುವಾದ ಲಾಡಿಯಂಥ ಪಟ್ಟಿಯು ಚೀಲವು ಅಲುಗಾಡದಂತೆ ಹಿಡಿಯಬಲ್ಲುದೇ ಹೊರತು ಭಾರವನ್ನು ಹೊರಲಾರದು. ಅಗಲವಾಗಿ, ಒಳಗೆ ಮೆತ್ತೆಯುಳ್ಳದ್ದಾಗಿ, ಟೊಂಕದ ಎಲುಬಿನ ಎರಡು ಉಬ್ಬುಗಳನ್ನೂ ತಬ್ಬುವಂತಿರಬೇಕು. ಕಾಲೇಜಿನ ಪುಸ್ತಕದ ಚೀಲದಲ್ಲಿ ಇಂಥ ಪಟ್ಟಿಯಿರುವುದಿಲ್ಲ. ಅದನ್ನೇ ಬೆನ್ನಿಗೇರಿಸಿ ಶ್ರೀಶೈಲಕ್ಕೆ ಹೊರಡುವ ಹುಡುಗರು ಎರಡನೆಯ ದಿವಸವೇ ಕತ್ತನ್ನು ತಿರುಗಿಸಲಾರದೆ ಸಂಕಟಪಡುವುದನ್ನು ಪ್ರತಿವರ್ಷವೂ ಕಾಣುತ್ತೇವೆ.

ಎರಡನೆಯದು ಬೆನ್ನಿನ ಉದ್ದ. ಇದು ಆಳಿನ ಎತ್ತರಕ್ಕಿಂತ ಬೇರೆಯಾದುದು. ಕತ್ತನ್ನು ಮುಂದಕ್ಕೆ ಬಾಗಿಸಿದರೆ ಬುಡದಲ್ಲಿ ಒಂದು ಎಲುಬು ಕೈಗೆ ಸಿಕ್ಕುವುದಷ್ಟೆ? ಅಲ್ಲಿಂದ ಟೊಂಕದ ಎಲುಬಿನ ಮೇಲಂಚಿನ ಮಟ್ಟದವರೆಗೆ ದರ್ಜಿಯ ಟೇಪಿನಿಂದ ಅಳೆದುಕೊಳ್ಳಿರಿ. ಸಮಾನ ಎತ್ತರದ ಅಣ್ಣತಮ್ಮಂದಿರಲ್ಲಿಯೂ ಈ ಅಳತೆಯು ನಾಲ್ಕಾರು ಸೆಂಟಿಮೀಟರ್ ಹೆಚ್ಚುಕಡಿಮೆಯಾಗಬಹುದು. ಮನೆಗೆಲ್ಲ ಒಂದೇ ಚೀಲ ಸಾಕೆನ್ನುವ ಗೃಹಸ್ಥರು ಇಲ್ಲಿಯೇ ಎಡವುತ್ತಾರೆ. ತಂದೆಗೆ ಒಪ್ಪುವ ಚೀಲವು ಮಗಳ ಬೆನ್ನಿಗೆ ಉದ್ದವಾಗಿ, ಪಟ್ಟಿಯು ಟೊಂಕದಿಂದ ಕೆಳಗೆ ಜಾರಿ, ಭಾರವೆಲ್ಲ ಮತ್ತೆ ಹೆಗಲಿಗೇ ಬರುತ್ತದೆ. ಒಂದನ್ನೇ ಕೊಳ್ಳುವುದು ಅನಿವಾರ್ಯವಾದರೆ ಬೆನ್ನಿನ ಅಳತೆಯನ್ನು ಏರಿಸಿ ಇಳಿಸಲು ಬರುವಂಥದನ್ನೇ ಆರಿಸಬೇಕು. ಬೆಲೆ ಸ್ವಲ್ಪ ಅಧಿಕವಾದರೂ ಎರಡು ಚೀಲಗಳ ಬೆಲೆಗಿಂತ ಕಡಿಮೆಯೇ.

ಇನ್ನು ಗಾತ್ರ. ಚೀಲದ ಒಳಗಿನ ಅವಕಾಶವನ್ನು ಲೀಟರುಗಳಲ್ಲಿ ಬರೆದಿರುತ್ತಾರೆ. ಎರಡು ರಾತ್ರಿಗಳ ಪ್ರಯಾಣಕ್ಕೆ 30ರಿಂದ 35 ಲೀಟರು ಯಥೇಷ್ಟ. ಅರವತ್ತು ಲೀಟರಿನದನ್ನು ತಂದರೆ ಮನೆಯವರು ಪ್ರೀತಿಯಿಂದ ಅದನ್ನು ತುಂಬಿಯೇ ಕಳುಹಿಸುವರು! ಹೊರೆಯು ಶರೀರದ ತೂಕದ ಹತ್ತನೆಯ ಒಂದು ಪಾಲಿನಷ್ಟಿದ್ದರೆ ಸುಖ. ಅಭ್ಯಾಸವುಳ್ಳವರೂ ಐದನೆಯ ಒಂದು ಪಾಲನ್ನು ಮೀರಬಾರದು. ಅರವತ್ತು ಕಿಲೋ ತೂಗುವವರ ಲೆಕ್ಕವನ್ನು ನೋಡೋಣ. ಚೀಲದ ಸ್ವಂತ ತೂಕ ಒಂದೂಕಾಲು ಕಿಲೋ, ನೀರು ಎರಡು ಲೀಟರಿಗೆ ಎರಡು ಕಿಲೋ, ಬಟ್ಟೆ ಮತ್ತು ಹೊದಿಕೆ ಒಂದೂವರೆ, ಸಜ್ಜೆರೊಟ್ಟಿ ಶೇಂಗಾಹಿಂಡಿಗಳ ಬುತ್ತಿ ಮುಕ್ಕಾಲು, ಔಷಧ, ಬ್ಯಾಟರಿ ಮೊದಲಾದ ಚಿಲ್ಲರೆ ಅರ್ಧ. ಆರು ಕಿಲೋ ಆಗಿಯೇ ಹೋಯಿತು. ಈ ಪಟ್ಟಿಯಲ್ಲಿ ಕಡಿಮೆ ಮಾಡಕೂಡದ ವಸ್ತು ನೀರೊಂದೇ. ಯುಗಾದಿಯ ಹೊತ್ತಿಗೆ ನಮ್ಮ ಸೀಮೆಯ ಬಿಸಿಲು ಹೇಗಿರುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ವೆಂಕಟಾಪುರದಿಂದ ನಲ್ಲಮಲದ ಅಡವಿಯನ್ನು ಹೊಕ್ಕು, ನಾಗಲೂಟಿ, ಪೆಚ್ಚೆರುವುಗಳನ್ನು ದಾಟಿ, ಭೀಮುನಿ ಕೊಲನಿನ ಕಣಿವೆಯಿಂದ ಕೈಲಾಸದ್ವಾರಕ್ಕೆ ಕಲ್ಲುಮೆಟ್ಟಿಲುಗಳನ್ನು ಏರುವಾಗ, ಅನ್ನವನ್ನು ದಾಸೋಹದವರು ನೀಡಿಯಾರು. ಗಂಟಲು ಒಣಗಿದ ಕ್ಷಣಕ್ಕೆ ಒದಗುವುದು ಬೆನ್ನಮೇಲಿರುವ ನೀರೇ. ಬಾಟಲಿಯು ಪಕ್ಕದ ಜೇಬಿನಲ್ಲಿದ್ದು, ಚೀಲವನ್ನು ಇಳಿಸದೆಯೇ ಕೈಗೆಟಕುವಂತಿರಲಿ. ಇಳಿಸಬೇಕಾದರೆ ಸೋಮಾರಿತನದಿಂದ ಕುಡಿಯುವುದೇ ಇಲ್ಲ.

ಪರೀಕ್ಷಿಸುವ ಬಗೆಯೂ ಸುಲಭ. ಬರಿದಾದ ಚೀಲವು ಎಲ್ಲರ ಬೆನ್ನಿಗೂ ಒಪ್ಪುತ್ತದೆ. ಹತ್ತಿರದ ಕಿರಾಣಿ ಅಂಗಡಿಯಿಂದ ಐದು ಕಿಲೋ ಅಕ್ಕಿಯನ್ನು ಕೊಂಡುಹೋಗಿ ಅದರಲ್ಲಿಡಿರಿ. ಹೇಗೂ ಮನೆಗೆ ಬೇಕಾದುದೇ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಟೊಂಕದ ಪಟ್ಟಿಯನ್ನು ಬಿಗಿದು, ತರುವಾಯ ಹೆಗಲಿನವನ್ನು ಎಳೆದು, ಕಡೆಗೆ ಎದೆಯದನ್ನು ಕೂಡಿಸಿ, ಕಾಲು ಗಂಟೆಯವರೆಗೆ ಅಂಗಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯಿರಿ. ಅಂಗಡಿಯವನು ನಕ್ಕರೆ ನಗಲಿ. ಹೆಗಲಿನ ಪಟ್ಟಿಯ ಕೆಳಗೆ ಎರಡು ಬೆರಳು ಸರಾಗವಾಗಿ ಆಡಿದರೆ ಚೀಲವು ನಿಮ್ಮದು.

ಬಾಯಿಯು ಮೇಲ್ಗಡೆ ಮಾತ್ರ ತೆರೆಯುವ ಚೀಲವು ಬೆಟ್ಟಕ್ಕೆ ಸೊಗಸು. ಬಸ್ಸಿನಲ್ಲಿಯೂ ಛತ್ರದಲ್ಲಿಯೂ ತಳದ ಪಂಚೆಗಾಗಿ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಎರಡಕ್ಕೂ ಆಗಬೇಕಾದರೆ ಪೆಟ್ಟಿಗೆಯಂತೆ ಮೂರು ಕಡೆಯಿಂದ ಜಿಪ್ಪು ಬಿಚ್ಚುವಂಥದು ಮೇಲು. ನಮ್ಮ ಎರೆಮಣ್ಣಿನ ಧೂಳಿಗೆ ಸಣ್ಣ ಹಲ್ಲಿನ ಜಿಪ್ಪು ಬೇಗನೆ ಕೆಡುತ್ತದೆಯಾದುದರಿಂದ ದಪ್ಪ ಹಲ್ಲಿನದನ್ನು ನೋಡಿ ಕೊಳ್ಳಿರಿ. ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯಾಡುವಂತೆ ಜಾಲರಿಯನ್ನು ಬಿಗಿದ ಚೀಲಗಳು ಸೆಕೆಗೆ ಹಿತವಾದರೂ ಭಾರವನ್ನು ಬೆನ್ನಿನಿಂದ ದೂರಕ್ಕೆ ತಳ್ಳಿ ಹಿಂದಕ್ಕೆ ಎಳೆಯುತ್ತವೆ. ಆರೇಳು ಕಿಲೋಗೆ ಚಿಂತೆಯಿಲ್ಲ, ಅದಕ್ಕೆ ಮೀರಿದರೆ ಬೇಡ. ಭಾರವಾದ ವಸ್ತುಗಳನ್ನು ಬೆನ್ನಿಗೆ ತಾಗುವಂತೆ ನಡುಮಟ್ಟದಲ್ಲಿಡಬೇಕು. ಶ್ರಾವಣದ ಮಳೆಗೆ ಹೊರಮುಸುಕನ್ನು ಮಾತ್ರ ನಂಬಬೇಡಿರಿ; ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬಟ್ಟೆಗಳನ್ನು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡುವುದೇ ಲೇಸು. ವಿಮಾನದಲ್ಲಿ ಮಕ್ಕಳನ್ನು ನೋಡಹೋಗುವವರು ಕೈಚೀಲಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿರುವ 7 ಕಿಲೋ ಮಿತಿಯನ್ನೂ ನೆನಪಿನಲ್ಲಿಡಲಿ.

ಮರಳಿ ಬಂದ ಮೇಲೆ ಚೀಲವನ್ನು ತಣ್ಣೀರಿನಲ್ಲಿ ಕೈಯಿಂದ ತೊಳೆದು ನೆರಳಿನಲ್ಲಿ ಒಣಗಿಸಿರಿ. ಯಂತ್ರಕ್ಕೆ ಹಾಕಿದರೆ ಒಳಲೇಪವು ಸುಲಿಯುತ್ತದೆ, ಬಿಸಿಲಿಗೆ ಹಾಕಿದರೆ ನೈಲಾನು ಬಲಗುಂದುತ್ತದೆ. ಜಿಪ್ಪಿನ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿರಿ. ಬುತ್ತಿಯ ಚೂರುಗಳನ್ನು ಮಾತ್ರ ಮರೆಯದೆ ಕೊಡವತಕ್ಕದ್ದು, ಏಕೆಂದರೆ ಶೇಂಗಾಹಿಂಡಿಯ ಪರಿಮಳವನ್ನು ಹಿಡಿದು ಬರುವ ಇಲಿಗೆ ಜಿಪ್ಪನ್ನು ತೆಗೆಯುವ ವಿಧಾನವು ತಿಳಿಯದು.