ರಕ್ತದ ವರದಿ ಚೆನ್ನಾಗಿದ್ದರೆ ಸಾಕೇ?

ದೀರ್ಘಕಾಲದ ರಕ್ತ ಕ್ಯಾನ್ಸರ್ ಇದ್ದವರು ಇವತ್ತು ದಿನವೂ ಗುಳಿಗೆ ನುಂಗುತ್ತ ಕೆಲಸ, ಸಂಸಾರ ಎರಡನ್ನೂ ನಡೆಸಿಕೊಂಡು ಹೋಗುತ್ತಿದ್ದಾರೆ. ಕಲ್ಯಾಣ, ಡೊಂಬಿವಲಿಗಳಿಂದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೋ, ಥಾಣೆಯಲ್ಲಿ ಗಾಡಿ ಬದಲಿಸಿ ನವಿಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾದ ಆಕ್‌ಟ್ರೆಕ್ ಕೇಂದ್ರಕ್ಕೋ ಹೋಗಿಬರುವವರಲ್ಲಿ ಇಂಥವರೂ ಇದ್ದಾರೆ. ನೋಡಿದವರಿಗೆ ಅವರು ರೋಗಿಗಳೆಂದು ಗೊತ್ತೂ ಆಗುವುದಿಲ್ಲ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿಗೆ ಇಮಾಟಿನಿಬ್ ಗುಳಿಗೆ ಅಮೆರಿಕದಲ್ಲಿ ಮಂಜೂರಾದದ್ದು 2001ರಲ್ಲಿ. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ದೇಶೀ ಕಂಪನಿಗಳ ಅಗ್ಗದ ಗುಳಿಗೆ ಬಡವರ ಕೈಗೆ ಸಿಗುವಂತೆ ಉಳಿಯಿತು. ಇದು ದೊಡ್ಡ ಗೆಲುವು. ಆದರೆ ಈ ಗೆಲುವಿನ ಬೆನ್ನಿಗೇ ಬಂದ ಹೊಣೆಯೊಂದನ್ನು ಇನ್ನೂ ಯಾರೂ ಸರಿಯಾಗಿ ಹೊತ್ತಿಲ್ಲ. ಹೀಗೆ ಬದುಕಿ ಉಳಿದವರಿಗೆ ಇನ್ನೊಂದು ಕ್ಯಾನ್ಸರ್ ಬಂದರೆ ಅದನ್ನು ಹೊತ್ತಿಗೆ ಸರಿಯಾಗಿ ಹುಡುಕುವವರು ಯಾರು?

ತೊಂದರೆ ಇರುವುದು ‘ಹೇಗೂ ತೋರಿಸುತ್ತಲೇ ಇದ್ದೇವಲ್ಲ’ ಎಂಬ ನೆಮ್ಮದಿಯಲ್ಲಿ. ಸಿಎಂಎಲ್ ಇದ್ದವರ ಫೈಲು ತೆರೆದರೆ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಮಾಡಿಸಿದ ಬಿಸಿಆರ್-ಎಬಿಎಲ್ ಪರೀಕ್ಷೆಯ ಹಾಳೆಗಳು ಸಾಲಾಗಿ ಸಿಗುತ್ತವೆ. ಅಂಕಿ ಶೇ 0.1ಕ್ಕಿಂತ ಕೆಳಗಿದ್ದರೆ ಮನೆಮಂದಿಗೆಲ್ಲ ಖುಷಿ. ಖುಷಿಪಡಬೇಕಾದ್ದೇ. ಆದರೆ ಆ ಪರೀಕ್ಷೆ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹುಟ್ಟಿದ ಒಂದೇ ಒಂದು ಜೀನನ್ನು ಲೆಕ್ಕ ಹಾಕುತ್ತದೆ, ಅಷ್ಟೇ. ನಾಲಿಗೆಯ ಅಂಚಿನ ಹುಣ್ಣು, ಮೊಲೆಯ ಗಂಟು, ಗರ್ಭಕಂಠದಲ್ಲಿ ಆಗುತ್ತಿರುವ ಬದಲಾವಣೆ, ಇವು ಯಾವುವೂ ಆ ಹಾಳೆಯಲ್ಲಿ ಮೂಡುವುದಿಲ್ಲ. ರೋಗಿ ‘ಡಾಕ್ಟರು ಎಲ್ಲ ನೋಡಿದರು’ ಎಂದುಕೊಳ್ಳುತ್ತಾರೆ; ಡಾಕ್ಟರು ನೋಡಿದ್ದು ರಕ್ತವನ್ನು.

ಎರಡನೆಯ ಕ್ಯಾನ್ಸರಿನ ಭಯ ನಿಜವೇ ಎಂದು ಕೇಳುವವರಿಗೆ ಸಾಕ್ಷ್ಯವನ್ನು ಇದ್ದಂತೆಯೇ ಹೇಳಬೇಕು. ಲಿಂಫೋಸೈಟುಗಳಲ್ಲಿ ಹುಟ್ಟುವ ಸಿಎಲ್‌ಎಲ್ ಇದ್ದವರಲ್ಲಿ ಅಪಾಯ ಹೆಚ್ಚೆಂಬುದರಲ್ಲಿ ಅನುಮಾನವಿಲ್ಲ. ಆ ಕಾಯಿಲೆ ರೋಗನಿರೋಧಕ ಶಕ್ತಿಯನ್ನೇ ಕುಂದಿಸುತ್ತದೆ. ಚರ್ಮದ ಮತ್ತು ಶ್ವಾಸಕೋಶದ ಕ್ಯಾನ್ಸರ್ ಇಂಥವರಲ್ಲಿ ಹೆಚ್ಚೆಂದು ಪಶ್ಚಿಮದ ಕ್ಯಾನ್ಸರ್ ನೋಂದಣಿಗಳು ಮತ್ತೆ ಮತ್ತೆ ತೋರಿಸಿವೆ. ಸಿಎಂಎಲ್ ವಿಷಯದಲ್ಲಿ ಮಾತು ಅಷ್ಟು ನೇರವಿಲ್ಲ. ಸ್ವೀಡನ್ನಿನ ನೋಂದಣಿ ಆಧರಿಸಿದ 2015ರ ಅಧ್ಯಯನದಲ್ಲಿ ಎರಡನೆಯ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಸುಮಾರು ಒಂದೂವರೆ ಪಟ್ಟು ಕಂಡಿತು. ಜರ್ಮನಿಯ ದೊಡ್ಡ ಅಧ್ಯಯನದಲ್ಲಿ ಹೆಚ್ಚಳ ಕಾಣಲಿಲ್ಲ. ಆದ್ದರಿಂದ ಗುಳಿಗೆಯೇ ಕ್ಯಾನ್ಸರ್ ತರುತ್ತದೆಂದು ಯಾರೂ ಹೆದರಬೇಕಿಲ್ಲ, ಗುಳಿಗೆಯನ್ನು ನಿಲ್ಲಿಸಲಂತೂ ಕೂಡದು. ನನ್ನ ವಾದಕ್ಕೆ ಆ ಹೆಚ್ಚುವರಿ ಅರ್ಧ ಪಟ್ಟು ಬೇಕಾಗಿಯೂ ಇಲ್ಲ. ಪಶ್ಚಿಮದಲ್ಲಿ ಸಿಎಂಎಲ್ ಬಹುಪಾಲು ಐವತ್ತು ದಾಟಿದವರ ಕಾಯಿಲೆ; ನಮ್ಮಲ್ಲಿ ಮೂವತ್ತು ನಲವತ್ತರ ಆಸುಪಾಸಿನಲ್ಲೇ ಬರುವುದು ಸಾಮಾನ್ಯ. ಮೂವತ್ತೈದರಲ್ಲಿ ಗುಳಿಗೆ ಶುರು ಮಾಡಿದವರು ಮುಂದಿನ ಮೂರು ನಾಲ್ಕು ದಶಕ ಬದುಕುತ್ತ, ಎಲ್ಲರಿಗೂ ಕ್ಯಾನ್ಸರ್ ಹೆಚ್ಚಾಗುವ ವಯಸ್ಸನ್ನೇ ಹಾದುಹೋಗುತ್ತಾರೆ.

ಅದರ ಮೇಲೆ ನಮ್ಮ ಅಭ್ಯಾಸಗಳು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ 26.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಾರೆ. ಗುಟ್ಕಾ ನಿಷೇಧವಾಗಿದ್ದರೂ ಜಗಿಯುವುದು ನಿಂತಿಲ್ಲ. ಕರಾವಳಿ, ಮಲೆನಾಡುಗಳಿಂದ ಬಂದ ನಮ್ಮ ಮನೆಗಳಲ್ಲಿ ಎಲೆಯಡಿಕೆಯನ್ನು ತಪ್ಪೆಂದು ಯಾರೂ ಎಣಿಸುವುದಿಲ್ಲ. ಆದರೆ ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಇಂಥ ಅಭ್ಯಾಸವಿರುವ ಸಿಎಲ್‌ಎಲ್ ರೋಗಿಯ ಕತ್ತಿನಲ್ಲಿ ಒಂದು ಗಂಟು ಎದ್ದಿತೆನ್ನಿ. ಸಿಎಲ್‌ಎಲ್‌ನಲ್ಲಿ ಕತ್ತಿನ ಗಂಟುಗಳು ಊದುವುದು ಇದ್ದದ್ದೇ. ‘ಹಳೇ ಕಾಯಿಲೆಯದೇ’ ಎಂದು ರೋಗಿಯೂ ಮನೆಯವರೂ ಸುಮ್ಮನಾಗುತ್ತಾರೆ. ಆದರೆ ಹಳೇ ಕಾಯಿಲೆಯ ಗಂಟುಗಳು ಸಾಮಾನ್ಯವಾಗಿ ಎರಡೂ ಬದಿಯಲ್ಲಿ, ಒತ್ತಿದರೆ ರಬ್ಬರಿನಂತೆ ಇರುತ್ತವೆ. ಒಂದೇ ಬದಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತದ್ದು ಬಾಯಿಯಿಂದ ಇಳಿದುಬಂದ ಬೇರೆಯೇ ಕ್ಯಾನ್ಸರ್ ಆಗಿರಬಹುದು. ಉಳಿದ ಲಕ್ಷಣಗಳಿಗೂ ಇದೇ ಗತಿ. ಸಿಎಂಎಲ್‌ನ ಇನ್ನೊಂದು ಗುಳಿಗೆ ಡಸಾಟಿನಿಬ್ ತೆಗೆದುಕೊಳ್ಳುವವರಿಗೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಹಾಗೆಂದು ಎಲ್ಲ ಉಬ್ಬಸವನ್ನೂ ಗುಳಿಗೆಯ ತಲೆಗೆ ಕಟ್ಟಿದರೆ ಶ್ವಾಸಕೋಶದ ಗಡ್ಡೆ ತಪ್ಪಿಸಿಕೊಳ್ಳುತ್ತದೆ. ಹಳೆಯ ಕಾಯಿಲೆ ಹೊಸದಕ್ಕೆ ಮರೆಯಾಗಿ ನಿಲ್ಲುವುದು ಹೀಗೆ.

ಆದ್ದರಿಂದ ರಕ್ತ ಕ್ಯಾನ್ಸರಿನ ಫಾಲೋಅಪ್‌ನಲ್ಲೇ ವರ್ಷಕ್ಕೊಮ್ಮೆ ಬಾಯಿ, ಕತ್ತು, ಚರ್ಮ, ಹೆಂಗಸರಾದರೆ ಸ್ತನ ಮತ್ತು ಗರ್ಭಕಂಠದ ಪರೀಕ್ಷೆ ಕಡ್ಡಾಯವಾಗಬೇಕು, ಅದು ಫೈಲಿನಲ್ಲಿ ದಾಖಲಾಗಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಇದೆಯಲ್ಲ ಎನ್ನಬಹುದು. ಕಾಗದದ ಮೇಲೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡ ಮಹಿಳೆಯರು ಶೇ 1.9 ಮಾತ್ರ.

ಇಂಥ ಸರಳ ಪರೀಕ್ಷೆಯಿಂದ ಏನು ಉಪಯೋಗ ಎನ್ನುವವರಿಗೆ ಮುಂಬಯಿಯೇ ಉತ್ತರ ಕೊಟ್ಟಿದೆ. ಟಾಟಾ ಆಸ್ಪತ್ರೆಯವರು ಇಲ್ಲಿನ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರಿಂದ ವಿನೆಗರ್ ಹಚ್ಚಿ ಗರ್ಭಕಂಠ ನೋಡಿಸಿದ ಅಧ್ಯಯನದಲ್ಲಿ ಆ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ತಿರುವನಂತಪುರದಲ್ಲಿ ಬಾಯಿ ನೋಡಿದ ಅಧ್ಯಯನದಲ್ಲಿ ತಂಬಾಕು ಅಥವಾ ಮದ್ಯದ ಚಟವಿದ್ದವರ ಸಾವು ಶೇ 34ರಷ್ಟು ಕಡಿಮೆಯಾಯಿತು. ಇವೆಲ್ಲ ಸಾಮಾನ್ಯ ಜನರ ಮೇಲಿನ ಅಧ್ಯಯನಗಳು, ನಿಜ. ಆದರೆ ಸಾಮಾನ್ಯರಿಗೇ ಇಷ್ಟು ನೆರವಾದ ತಪಾಸಣೆಯನ್ನು ಆಗಲೇ ಒಂದು ಕ್ಯಾನ್ಸರ್ ಇರುವವರಿಗೆ ಬೇಡವೆನ್ನಲು ಕಾರಣವೇ ಕಾಣುವುದಿಲ್ಲ. ಇಡೀ ಮೈ ಸ್ಕ್ಯಾನ್ ಮಾಡುವ ದುಬಾರಿ ಪ್ಯಾಕೇಜುಗಳನ್ನು ನಾನು ಕೇಳುತ್ತಿಲ್ಲ. ಅವು ಇಲ್ಲದ ಕಾಯಿಲೆಯ ಗುಮಾನಿ ಹುಟ್ಟಿಸಿ ಬಯಾಪ್ಸಿಗೆ ಅಲೆಸುವುದೇ ಹೆಚ್ಚು.

ಪರೇಲಿನ ಜನಜಂಗುಳಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಈ ಕೆಲಸ ಮನೆ ಹತ್ತಿರ ಆಗಬೇಕು. ನೆರೂಲ್, ಬೇಲಾಪುರ, ಖಾರ್ಘರ್‌ಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬಾಯಿಯ ಬಿಳಿ ಕೆಂಪು ಮಚ್ಚೆ ಗುರುತಿಸುವುದು ಅಲ್ಲಿ ದಿನದ ಪಾಠ. ಥಾಣೆ, ಕಲ್ಯಾಣಗಳ ಪಾಲಿಕೆ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗ ಸ್ತನ, ಗರ್ಭಕಂಠಗಳನ್ನು ನೋಡಬಲ್ಲದು. ಡೊಂಬಿವಲಿಯಿಂದ ನವಿಮುಂಬಯಿಯವರೆಗೆ ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ಶುಗರ್, ಬಿಪಿ ಜೊತೆ ಒಬ್ಬ ದಂತವೈದ್ಯರನ್ನೂ ಕೂರಿಸಬಹುದು. ಆದರೆ ಅಲ್ಲಿ ಕಂಡದ್ದು ರಕ್ತದ ಡಾಕ್ಟರಿಗೆ ತಲುಪಲೇಬೇಕು. ಇಬ್ರುಟಿನಿಬ್ ತೆಗೆದುಕೊಳ್ಳುವ ಸಿಎಲ್‌ಎಲ್ ರೋಗಿಗೆ ಆಪರೇಷನ್ ಮಾಡುವುದಾದರೆ ರಕ್ತಸ್ರಾವದ ಭಯದಿಂದ ಗುಳಿಗೆಯನ್ನು ಮೂರರಿಂದ ಏಳು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಅದನ್ನು ರಕ್ತದ ಡಾಕ್ಟರೂ ಆಪರೇಷನ್ ಮಾಡುವ ಡಾಕ್ಟರೂ ಸೇರಿ ನಿರ್ಧರಿಸಬೇಕು. ಇವತ್ತು ಆ ಇಬ್ಬರ ನಡುವೆ ಸುದ್ದಿ ಹೊತ್ತು ಓಡಾಡುತ್ತಿರುವವರು ಬಹುಮಟ್ಟಿಗೆ ರೋಗಿಯ ಮನೆಯವರೇ.