ಹಿತ್ತಿಲ ಟರ್ನಿಪ್: ಕೊಯ್ಲಿಗೆ ಮುಂಚೆಯೇ ಬಿತ್ತೋಣ

ತೋಟದ ಕೆಲಸಗಳಿಗೆ ನಾವು ಕಾಲವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಮುಂಗಾರು ಬಲಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸದಿದ್ದರೆ ಕೊಳೆ ತಪ್ಪದೆಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಮನೆಯ ಹಿತ್ತಿಲಿನ ವಿಷಯ ಬಂದಾಗ ಮಾತ್ರ, "ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತೇವೆ. ಫಲವಾಗಿ, ಎಕರೆಗಟ್ಟಲೆ ನೆಲವಿದ್ದೂ ಕೊಯ್ಲಿನ ದಿನಗಳಲ್ಲಿ ಸಂತೆಯ ಬಾಡಿದ ತರಕಾರಿಗೆ ಕೈಚೀಲ ಹಿಡಿದು ಹೊರಡುತ್ತೇವೆ.

ಟರ್ನಿಪ್ಪನ್ನೇ ತೆಗೆದುಕೊಳ್ಳೋಣ. ಕೋಸು, ಮೂಲಂಗಿಗಳ ಬಳಗದ ಈ ಗೆಡ್ಡೆಗೆ ತಂಪು ಹವೆ ಬೇಕು. ಬಿತ್ತಿದ 45ರಿಂದ 60 ದಿನಗಳಲ್ಲಿ ಹುಳಿಗೆ, ಪಲ್ಯಕ್ಕೆ ಒದಗುತ್ತದೆ. ಎಳೆಯ ಸೊಪ್ಪೂ ವ್ಯರ್ಥವಲ್ಲ. ಬಿಸಿಲೇರಿದ ಮೇಲೆ ಬೆಳೆದರೆ ಗೆಡ್ಡೆ ನಾರಾಗಿ ಖಾರವಾಗುತ್ತದೆ. ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಬಿತ್ತುವವರಿಗೆ ಸಿಗುವುದು ಇದೇ. ಆ ವೇಳೆಗೆ ಬಾವಿಯ ನೀರೂ ಇಳಿದಿರುತ್ತದೆ.

ಹಾಗೆಂದು ಬೀಜದ ಪೊಟ್ಟಣದ ಮೇಲಿನ ತಿಂಗಳನ್ನು ಕಣ್ಣುಮುಚ್ಚಿ ನಂಬುವುದೂ ಸಲ್ಲ. ಉತ್ತರ ಭಾರತದ ಬಯಲಿನಲ್ಲಿ ಪೂಸಾ ಶ್ವೇತಿ, ಪೂಸಾ ಕಾಂಚನ್‌ನಂತಹ ಏಷ್ಯಾ ಬಗೆಯ ತಳಿಗಳನ್ನು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬಿತ್ತುತ್ತಾರೆ. ನಮ್ಮ ಮಲೆನಾಡಿನಲ್ಲಿ ಜುಲೈಯಲ್ಲಿ ಬಿತ್ತಿದರೆ ಸಾಸಿವೆಯಷ್ಟು ಸಣ್ಣ ಬೀಜ ಒಂದೇ ಮಳೆಗೆ ಕೊಚ್ಚಿಹೋದೀತು.

ನಮ್ಮ ಅಭಿಪ್ರಾಯದಲ್ಲಿ ಸಕಾಲವೆಂದರೆ ಚಿತ್ತಾ ಮಳೆಯ ಕೊನೆ, ಸ್ವಾತಿಯ ಆರಂಭ. ಅಂದರೆ ಅಕ್ಟೋಬರ್ ಮೂರನೆಯ ವಾರದಿಂದ ಅರೇಬಿಕಾ ಕೊಯ್ಲಿನ ಗಡಿಬಿಡಿ ಶುರುವಾಗುವವರೆಗೆ. ಆದರೂ ಮಳೆ ಪಂಚಾಂಗವನ್ನು ಓದಿಕೊಂಡು ಬರುವುದಿಲ್ಲ. ಆದ್ದರಿಂದ ಕೊನೆಯ ತೀರ್ಪು ಮಣ್ಣಿನದು. ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಬೆರಳಿನಿಂದ ಒತ್ತಿ ನೋಡಿ. ಉದುರಿದರೆ ಬಿತ್ತಬಹುದು, ಅಂಟಿಕೊಂಡರೆ ಇನ್ನೂ ನಾಲ್ಕು ದಿನ ತಾಳಬೇಕು.

ಕೆಲಸ ದೊಡ್ಡದಲ್ಲ. ಮರದ ನೆರಳು ಬೀಳದ ಕಡೆ ಏರುಮಡಿ ಮಾಡಬೇಕು. ನಮ್ಮ ಹುಳಿಮಣ್ಣಿಗೆ ಎರಡು ಮೂರು ವಾರ ಮುಂಚಿತವಾಗಿ ಸುಣ್ಣ ಬೆರೆಸುವುದು ಒಳ್ಳೆಯದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗಬೇಕು; ಹಸಿ ಸಗಣಿ ಹಾಕಿದರೆ ಗೆಡ್ಡೆ ಕವಲೊಡೆಯುತ್ತದೆ. ಸಾಲಿನಿಂದ ಸಾಲಿಗೆ ಒಂದು ಅಡಿ ಬಿಟ್ಟು, ಅರ್ಧ ಅಂಗುಲ ಆಳದಲ್ಲಿ ನೇರವಾಗಿ ಮಡಿಗೇ ಬಿತ್ತಬೇಕು. ಮೊಳೆತ ಮೇಲೆ ಗಿಡದಿಂದ ಗಿಡಕ್ಕೆ ನಾಲ್ಕು ಅಂಗುಲ ಇರುವಂತೆ ತೆಳುಮಾಡಬೇಕು. ಇಡೀ ಪೊಟ್ಟಣವನ್ನು ಒಂದೇ ದಿನ ಸುರಿಯದೆ ಹದಿನೈದು ದಿನಕ್ಕೊಂದು ಮಡಿಯಂತೆ ಡಿಸೆಂಬರ್ ನಡುವಿನವರೆಗೆ ಬಿತ್ತಿದರೆ, ಕೊಯ್ಲಿನ ಉದ್ದಕ್ಕೂ ಅಡಿಗೆಮನೆಗೆ ಎಳೆಯ ಗೆಡ್ಡೆ ಸಿಗುತ್ತದೆ. ಮೊದಲ ಮಡಿಗೆ ಸೆಕೆ ತಾಳುವ ಏಷ್ಯಾ ಬಗೆ, ಚಳಿ ಬಲಿತ ಮೇಲೆ ಪರ್ಪಲ್ ಟಾಪ್‌ನಂತಹ ಯುರೋಪ್ ಬಗೆ ಸೂಕ್ತ.

ಆಳಿನ ಅಭಾವದ ಮಾತು ಬಂದೇ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅಕ್ಟೋಬರ್‌ನಲ್ಲಿ ಒಬ್ಬ ಆಳಿನ ಅರ್ಧ ದಿನವನ್ನು ಹಿತ್ತಿಲಿಗೆ ಕೊಟ್ಟರೆ ತೋಟಕ್ಕೆ ನಷ್ಟವಿಲ್ಲ. ಕೊಡದಿದ್ದರೆ ಆ ಹೊರೆ ಬೀಳುವುದು ಮನೆಯ ಹೆಂಗಸರ ಮೇಲೆ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಕಾಫಿ ಹರಡಿ, ಆಳುಗಳ ಊಟ ತಿಂಡಿ ನೋಡಿಕೊಂಡು, ಆಮೇಲೆ ಸಾರಿಗೆ ಏನು ಹಾಕುವುದೆಂದು ಚಿಂತಿಸುವವರು ಅವರೇ. ತೋಟದ ಕೆಲಸದ ಪಟ್ಟಿ ಬರೆಯುವಾಗ ಅವರನ್ನೂ ಒಂದು ಮಾತು ಕೇಳಿ, ಹಿತ್ತಿಲಿನ ಬಿತ್ತನೆಗೂ ಒಂದು ದಿನ ಗೊತ್ತುಮಾಡಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.